ತಂಜಾವೂರಿನ ಸುವಾರ್ತಾ ಕವಿ: ವೇದನಾಯಕ ಶಾಸ್ತ್ರಿಯ ಹಾಡೂ ಹಠವೂ

ಹತ್ತೊಂಬತ್ತನೆಯ ಶತಮಾನದ ಆದಿಭಾಗದ ತಂಜಾವೂರನ್ನು ನೆನೆದೊಡನೆ ಸಂಗೀತಪ್ರಿಯರ ಮನಸ್ಸಿಗೆ ತ್ಯಾಗರಾಜ, ಶ್ಯಾಮಾಶಾಸ್ತ್ರಿ, ಮುತ್ತುಸ್ವಾಮಿ ದೀಕ್ಷಿತರೆಂಬ ಮೂವರ ಹೆಸರು ಬರುತ್ತದೆ. ಅದೇ ಕಾಲದಲ್ಲಿ, ಅದೇ ಕಾವೇರಿಯ ನೀರು ಕುಡಿದು, ಅವೇ ರಾಗತಾಳಗಳನ್ನು ಕೈಕೊಂಡು, ಚರ್ಚಿನ ಅಂಗಳದಲ್ಲಿ ಹಾಡಿದ ನಾಲ್ಕನೆಯವನೊಬ್ಬನಿದ್ದನೆಂಬುದು ಅನೇಕರಿಗೆ ತಿಳಿಯದು. ತಮಿಳು ಕ್ರೈಸ್ತರ ಮನೆಗಳಲ್ಲಿ ಇಂದಿಗೂ ಅವನ ಕೀರ್ತನೆಗಳು ಕೇಳಿಬರುತ್ತವೆ. ಆದರೂ ಸಂಗೀತದ ಚರಿತ್ರಕಾರರು ಅವನನ್ನು ಮತಪ್ರಚಾರಕನೆಂದು ಬದಿಗಿರಿಸಿದರು. ಮತದ ಚರಿತ್ರಕಾರರು ಅವನನ್ನು ಮಿಶನರಿಗಳ ಕತೆಯ ಅಡಿಟಿಪ್ಪಣಿಯಾಗಿಸಿದರು. ಎರಡು ಮನೆಯ ನೆಂಟ ಉಪವಾಸವಿದ್ದನೆಂಬ ಮಾತು ಇಲ್ಲಿಯೂ ನಿಜವಾಯಿತು.

ಆ ನಾಲ್ಕನೆಯವನೇ ವೇದನಾಯಕ ಶಾಸ್ತ್ರಿ. ಕ್ರೈಸ್ತ ಸಮಾಜ ಅವನಿಗಿತ್ತ ಬಿರುದು ‘ಸುವಿಶೇಷ ಕವಿರಾಯರ್’, ಎಂದರೆ ಸುವಾರ್ತೆಯ ಕವಿರಾಯ. ಅವನ ಕೃತಿಗಳ ಗುಣದೋಷಗಳನ್ನು ತೂಗುವುದರ ಜೊತೆಗೆ ಅವನ ಬಾಳಿನ ಒಂದು ದೊಡ್ಡ ವೈರುಧ್ಯವನ್ನೂ ಎದುರಿಸುವುದು ವಿಮರ್ಶೆಯ ಹೊಣೆ. ತನ್ನ ಜನರ ಹಾಡಿಗಾಗಿ ಪರದೇಶಿ ಪಾದ್ರಿಗಳೊಡನೆ ಹೋರಾಡಿದವನೇ, ಅದೇ ಉಸಿರಿನಲ್ಲಿ, ಚರ್ಚಿನೊಳಗಿನ ಜಾತಿಭೇದಕ್ಕಾಗಿಯೂ ಹೋರಾಡಿದನು. ಮೊದಲನೆಯದನ್ನು ಮೆಚ್ಚಿ ಎರಡನೆಯದನ್ನು ಮರೆಯುವುದು ಸುಲಭ. ಎರಡನೆಯದನ್ನು ಹಿಡಿದು ಮೊದಲನೆಯದನ್ನು ತಳ್ಳುವುದು ಅದಕ್ಕಿಂತಲೂ ಸುಲಭ.

೧

ವೇದನಾಯಕನು 1774ರ ಸೆಪ್ಟೆಂಬರ್ 7ರಂದು ತಿರುನೆಲ್ವೇಲಿಯಲ್ಲಿ ಹುಟ್ಟಿದನು. ತಂದೆ ವೆಳ್ಳಾಳ ಕುಲದವನು. ಕ್ರೈಸ್ತಮತವನ್ನು ಸ್ವೀಕರಿಸಿ ದೇವಸಹಾಯನೆಂಬ ಹೆಸರು ಪಡೆದವನು. ಹುಡುಗನಿಗೆ ಹನ್ನೆರಡು ವರ್ಷವಾಗಿದ್ದಾಗ ಜರ್ಮನ್ ಮಿಶನರಿ ಕ್ರಿಸ್ಟಿಯನ್ ಫ್ರೆಡರಿಕ್ ಷ್ವಾರ್ಟ್ಸನು ಅವನನ್ನು ತನ್ನೊಡನೆ ತಂಜಾವೂರಿಗೆ ಕರೆತಂದನು. ಈ ಷ್ವಾರ್ಟ್ಸನ ಹೆಸರು ಕನ್ನಡಿಗರಿಗೆ ಅಪರಿಚಿತವಾಗಬೇಕಾಗಿಲ್ಲ. 1779ರಲ್ಲಿ ಕಂಪನಿಯ ಪರವಾಗಿ ಶ್ರೀರಂಗಪಟ್ಟಣಕ್ಕೆ ಹೋಗಿ ಹೈದರಾಲಿಯನ್ನು ಕಂಡುಬಂದವನು ಇವನೇ. ತಂಜಾವೂರಿನ ರಾಜಪುತ್ರ ಶರಭೋಜಿಯ ಪೋಷಣೆಯ ಭಾರವೂ ಇವನ ಮೇಲೆಯೇ ಬಿದ್ದಿತ್ತು. ಹೀಗೆ ಭಾವೀ ಅರಸನೂ ಭಾವೀ ಕವಿಯೂ ಒಬ್ಬನೇ ಗುರುವಿನ ನೆರಳಿನಲ್ಲಿ ಬೆಳೆದರು.

ವೇದನಾಯಕನ ಹೆಚ್ಚಿನ ಓದು ನಡೆದುದು ಡೇನರ ವಸಾಹತಾಗಿದ್ದ ತರಂಗಂಬಾಡಿಯಲ್ಲಿ. 1706ರಲ್ಲಿ ತ್ಸೀಗನ್‌ಬಾಲ್ಗನು ಬಂದಿಳಿದುದು, 1715ರಲ್ಲಿ ತಮಿಳು ಹೊಸ ಒಡಂಬಡಿಕೆ ಅಚ್ಚಾದುದು ಅದೇ ಊರಿನಲ್ಲಿ. ಅಲ್ಲಿಯ ವಿದ್ವಾಂಸ ಪಾದ್ರಿ ಡಾಕ್ಟರ್ ಜಾನ್ ತನ್ನ ಶಿಷ್ಯರಿಗೆ ವೇದಾಂತಶಾಸ್ತ್ರದ ಜೊತೆಗೆ ಖಗೋಳ, ಭೂಗೋಳ, ಜೀವಶಾಸ್ತ್ರಗಳನ್ನೂ ಕಲಿಸಿದನು. ಯೂರೋಪಿನ ಹೊಸ ವಿಜ್ಞಾನವೂ ತಮಿಳಿನ ಹಳೆಯ ಛಂದಸ್ಸೂ ಒಬ್ಬನೇ ಹುಡುಗನ ತಲೆಯಲ್ಲಿ ಸೇರಿದುದರ ಫಲ ಮುಂದೆ ಅವನ ಕಾವ್ಯದಲ್ಲಿ ಕಾಣುತ್ತದೆ. ಓದು ಮುಗಿಸಿ ತಂಜಾವೂರಿಗೆ ಮರಳಿದ ಅವನು ಮಿಶನ್ ಶಾಲೆಯ ಉಪಾಧ್ಯಾಯನಾದನು. 1798ರಲ್ಲಿ ಷ್ವಾರ್ಟ್ಸ್ ತೀರಿಕೊಂಡನು. ಅದೇ ವರ್ಷ ಶರಭೋಜಿ ಪಟ್ಟವೇರಿದನು.

ಒಂದು ದಂತಕಥೆಯನ್ನು ಇಲ್ಲಿಯೇ ಪರಿಹರಿಸುವುದು ಲೇಸು. ತಂಜಾವೂರು ಸೋದರರಲ್ಲೊಬ್ಬನಾದ ವಡಿವೇಲು ಷ್ವಾರ್ಟ್ಸನಿಂದ ಪಿಟೀಲು ಕಲಿತನೆಂಬ ಮಾತು ಪುಸ್ತಕದಿಂದ ಪುಸ್ತಕಕ್ಕೆ ದಾಟುತ್ತ ಬಂದಿದೆ. ವಡಿವೇಲು ಹುಟ್ಟುವ ಹೊತ್ತಿಗೆ ಷ್ವಾರ್ಟ್ಸ್ ಸತ್ತು ಹತ್ತು ವರ್ಷಗಳ ಮೇಲಾಗಿದ್ದುದರಿಂದ ಇದು ನಡೆದಿರಲಾರದು. ಆದರೆ ಇಂತಹ ಕತೆ ಹುಟ್ಟಿತೆಂಬುದೇ ಒಂದು ಸಾಕ್ಷ್ಯ: ಚರ್ಚು, ಅರಮನೆ, ದೇವಾಲಯಗಳ ಸಂಗೀತಗಳು ಆ ಊರಿನಲ್ಲಿ ಒಂದಕ್ಕೊಂದು ಕೇಳಿಸುವಷ್ಟು ಹತ್ತಿರವಿದ್ದುವೆಂದು ಜನ ಬಲ್ಲವರಾಗಿದ್ದರು.

೨

ವೇದನಾಯಕನಿಗೆ ಮೊದಲು ತಮಿಳು ಪ್ರಾಟೆಸ್ಟಂಟ್ ಚರ್ಚಿನಲ್ಲಿ ಹಾಡುತ್ತಿದ್ದುದು ಬಹುಮಟ್ಟಿಗೆ ಜರ್ಮನ್ ಸ್ತೋತ್ರಗಳ ಭಾಷಾಂತರಗಳನ್ನು. ತ್ಸೀಗನ್‌ಬಾಲ್ಗನಿಂದ ಫ್ಯಾಬ್ರೀಷಿಯಸ್ಸನವರೆಗೆ ಹಲವರು ಭಕ್ತಿಯಿಂದ ಮಾಡಿದ ಕೆಲಸವದು. ಆದರೆ ಧಾಟಿಯೂ ಜರ್ಮನಿಯದೇ ಆಗಿದ್ದುದರಿಂದ ತೊಡಕು ಹುಟ್ಟಿತು. ಜರ್ಮನ್ ಸ್ತೋತ್ರದ ಸಾಲು ಅಕ್ಷರಗಳ ಎಣಿಕೆಯನ್ನೂ ಸ್ವರಾಘಾತವನ್ನೂ ಆಧರಿಸಿ ನಡೆಯುತ್ತದೆ. ಅದರ ಪ್ರಾಸ ಸಾಲಿನ ಕೊನೆಯಲ್ಲಿ ಬೀಳುತ್ತದೆ. ತಮಿಳಿನ ನಡೆ, ಕನ್ನಡದಂತೆಯೇ, ಗುರುಲಘುಗಳ ಮೇಲೆ ನಿಂತದ್ದು. ಅದರ ಪ್ರಾಸ ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ ಮಿಡಿಯುವಂತಹುದು. ಆಘಾತ ಬೀಳುವ ಕಡೆ ಲಘುವೂ, ಆಘಾತವಿಲ್ಲದೆಡೆ ಗುರುವೂ ಸಿಕ್ಕಿಕೊಂಡರೆ ಹಾಡುವವನು ಮಾತನ್ನು ಎಳೆಯಬೇಕು, ಇಲ್ಲವೆ ನುಂಗಬೇಕು. ಸಭೆ ಹಾಡುತ್ತಿತ್ತು, ನಿಜ. ಆದರೆ ಬಾಯಿ ತನ್ನದು, ನಡೆ ಇನ್ನೊಬ್ಬರದು ಎಂಬಂತೆ.

ವೇದನಾಯಕನು ಮಾಡಿದ ಕೆಲಸ ಹೇಳಲು ಸರಳ. ಪಲ್ಲವಿ, ಅನುಪಲ್ಲವಿ, ಚರಣಗಳ ಕೀರ್ತನೆಯ ಕಟ್ಟನ್ನು ಚರ್ಚಿನೊಳಕ್ಕೆ ತಂದನು. ಇದರ ಪರಿಣಾಮ ಕೇವಲ ರಾಗದ ಬದಲಾವಣೆಯಲ್ಲ. ಓದು ಬಾರದ ಸಭೆಗೆ ಪುಸ್ತಕದ ಸ್ತೋತ್ರ ದೂರದ ವಸ್ತು. ಕೀರ್ತನೆಯಲ್ಲಾದರೋ ಪ್ರತಿ ಚರಣದ ಕೊನೆಗೂ ಪಲ್ಲವಿ ಮರಳಿ ಬರುತ್ತದೆ. ಮೂರನೆಯ ಸಲಕ್ಕೆ ಹಿಂದಿನ ಸಾಲಿನ ಮುದುಕಿಗೂ ಅದು ಕಂಠಸ್ಥ. ಕತೆಯ ಭಾರವನ್ನು ಚರಣದಲ್ಲಿ ಹಾಡುಗಾರ ಹೊರುತ್ತಾನೆ, ಭಾವದ ಭಾರವನ್ನು ಪಲ್ಲವಿಯಲ್ಲಿ ಸಭೆ ಹೊರುತ್ತದೆ. ನಮ್ಮ ಹರಿದಾಸರು ಬಲ್ಲ ಈ ಉಪಾಯವನ್ನು ಚರ್ಚಿನಲ್ಲಿ ಇಷ್ಟು ವ್ಯಾಪಕವಾಗಿ ಬಳಸಿದುದು ವೇದನಾಯಕನ ಹಿರಿಮೆ. ಅವನು ಬರೆದು ಸುಮ್ಮನಾದವನಲ್ಲ; ಹಿಮ್ಮೇಳವನ್ನಿಟ್ಟುಕೊಂಡು, ಊರೂರು ತಿರುಗಿ, ಹಾಡಿ ಅರ್ಥ ಹೇಳಿದವನು. ಅವನ ಕೃತಿಗಳನ್ನು ಕೇವಲ ಕಣ್ಣಿನಿಂದ ಓದಿ ತೀರ್ಪು ಕೊಡುವವರು ಈ ಮಾತನ್ನು ಮರೆಯಬಾರದು.

೩

ಅವನ ಕೃತಿಗಳಲ್ಲಿ ಮೊದಲು ಗಣಿಸಬೇಕಾದದ್ದು 1800ರ ‘ಬೆತ್ಲೆಹೇಮ್ ಕುರವಂಜಿ’. ಆಗ ಕವಿಗೆ ಇಪ್ಪತ್ತಾರರ ಪ್ರಾಯ.

ಕೊರವಂಜಿಯನ್ನು ಕನ್ನಡಿಗರಿಗೆ ಪರಿಚಯಿಸಬೇಕಾಗಿಲ್ಲ. ಶ್ರೀನಿವಾಸನೇ ಕೊರವಂಜಿಯ ವೇಷ ತೊಟ್ಟು ಆಕಾಶರಾಜನ ಮನೆಗೆ ಹೋಗಿ ಪದ್ಮಾವತಿಯ ಕಣಿ ಹೇಳಿದ ಕತೆ ಮನೆಮನೆಯದು. ಹೆಳವನಕಟ್ಟೆ ಗಿರಿಯಮ್ಮನ ‘ಬ್ರಹ್ಮ ಕೊರವಂಜಿ’ ಹೆಂಗಸರ ಬಾಯಲ್ಲಿ ಉಳಿದುಬಂದ ಹಾಡು. ತಮಿಳಿನಲ್ಲಿ ಇದೊಂದು ಸ್ವತಂತ್ರ ನಾಟ್ಯಪ್ರಬಂಧವಾಗಿ ಬೆಳೆಯಿತು. ತಿರಿಕೂಡ ರಾಸಪ್ಪ ಕವಿರಾಯನ ‘ಕುಟ್ರಾಲ ಕುರವಂಜಿ’ ಅದರ ಮೇರುಕೃತಿ. ಕಥಾವಸ್ತು ಹೆಚ್ಚುಕಡಮೆ ಒಂದೇ: ದೇವರೋ ಅರಸನೋ ಬೀದಿಯಲ್ಲಿ ಉತ್ಸವ ಹೊರಡುತ್ತಾನೆ, ಕನ್ಯೆಯೊಬ್ಬಳು ಕಂಡು ಮೋಹಗೊಳ್ಳುತ್ತಾಳೆ, ಚಂದ್ರನನ್ನೂ ತಂಗಾಳಿಯನ್ನೂ ಬೈಯುತ್ತಾಳೆ, ಬೆಟ್ಟದ ಕೊರವತಿ ಬಂದು ತನ್ನ ನಾಡಿನ ಸಿರಿಯನ್ನು ಬಣ್ಣಿಸಿ, ಕೈನೋಡಿ, ನಿನ್ನ ಇನಿಯ ನಿನಗೆ ದೊರಕುವನೆಂದು ಕಣಿ ಹೇಳುತ್ತಾಳೆ, ಹಕ್ಕಿ ಹಿಡಿಯುವ ಅವಳ ಗಂಡ ಸಿಂಗನು ಅವಳನ್ನು ಹುಡುಕುತ್ತ ಬರುತ್ತಾನೆ.

ಈ ಚೌಕಟ್ಟಿನ ಒಂದು ಕಂಬವನ್ನೂ ಕೀಳದೆ ವೇದನಾಯಕನು ಮನೆಯ ಯಜಮಾನನನ್ನು ಬದಲಾಯಿಸಿದನು. ಉತ್ಸವ ಬರುವವನು ಬೆತ್ಲೆಹೇಮಿನ ಒಡೆಯ ಕ್ರಿಸ್ತ. ಮೋಹಗೊಂಡವಳು ಸಿಯೋನಿನ ಕುವರಿ ದೇವಮೋಹಿನಿ, ಅಂದರೆ ಸಭೆ. ಕಣಿ ಹೇಳುವವಳು ಜ್ಞಾನದ ಕೊರವತಿ. ಸಿಂಗನ ಬಲೆ ಜೀವಾತ್ಮರನ್ನು ಹಿಡಿಯುವ ಬೋಧಕನ ಬಲೆಯಾಯಿತು. ಸಭೆಯನ್ನು ವಧುವೆಂದೂ ಕ್ರಿಸ್ತನನ್ನು ವರನೆಂದೂ ಬೈಬಲೇ ಹೇಳಿರುವುದರಿಂದ, ಶೃಂಗಾರಭಕ್ತಿಯ ತಮಿಳು ಮಾರ್ಗವೂ ಬೈಬಲಿನ ರೂಪಕವೂ ಇಲ್ಲಿ ಬೆಸುಗೆ ಕಾಣದಂತೆ ಕೂಡಿಕೊಂಡಿವೆ. ಮೀನು ಹಿಡಿಯುವವರನ್ನು ಮನುಷ್ಯರನ್ನು ಹಿಡಿಯುವವರನ್ನಾಗಿ ಮಾಡುವೆನೆಂಬ ಸುವಾರ್ತೆಯ ಮಾತಿಗೆ ಸಿಂಗನ ಬಲೆ ಎಷ್ಟು ಸಹಜವಾಗಿ ಹೊಂದುತ್ತದೆಂದರೆ, ಈ ಪ್ರಬಂಧಜಾತಿ ಇದಕ್ಕಾಗಿಯೇ ಹುಟ್ಟಿತೋ ಎಂದು ಓದುಗನಿಗೆ ಭ್ರಮೆಯಾಗುತ್ತದೆ.

ಕೊರವತಿಯ ನಾಡವರ್ಣನೆಯ ಭಾಗದಲ್ಲಿ ಕವಿ ಇನ್ನೊಂದು ಸಾಹಸ ಮಾಡಿದ್ದಾನೆ. ದೇಶದೇಶ ತಿರುಗಿ ಬಂದವಳೆಂದು ಹೇಳಿಕೊಳ್ಳುವುದು ಕೊರವತಿಯ ವಾಡಿಕೆ. ಆ ನೆಪ ಹಿಡಿದು ಅವನು ಅವಳ ಪ್ರಪಂಚದೊಳಗೆ ತರಂಗಂಬಾಡಿಯ ಪಾಠವನ್ನೆಲ್ಲ ತುಂಬಿದನು: ಭೂಖಂಡಗಳು, ಸಾಗರಗಳು, ಸೂರ್ಯನ ಸುತ್ತ ಸುತ್ತುವ ಗ್ರಹಗಳು. ಪುರಾಣದ ಸಪ್ತದ್ವೀಪಗಳ ಜಾಗದಲ್ಲಿ ಕೊಪರ್ನಿಕಸ್ಸನ ಸೌರವ್ಯೂಹ ಬಂದು ನಿಂತಿತು. ಆಶ್ಚರ್ಯವೆಂದರೆ ಅವನ ಸಹಪಾಠಿ ಅರಸನೂ ಇದೇ ಹಾದಿ ಹಿಡಿದುದು. ಶರಭೋಜಿಯ ಹೆಸರಿನಲ್ಲಿರುವ ಮರಾಠೀ ‘ದೇವೇಂದ್ರ ಕುರವಂಜಿ’ಯಲ್ಲಿಯೂ ಕೊರವತಿ ಜಗತ್ತಿನ ಭೂಗೋಳವನ್ನು ಹೇಳುತ್ತಾಳೆ. ಒಂದೇ ಗುರುಕುಲದಿಂದ ಬಂದ ಇಬ್ಬರು, ಒಬ್ಬ ಕ್ರೈಸ್ತ, ಒಬ್ಬ ಶೈವ, ಒಬ್ಬ ತಮಿಳಿನಲ್ಲಿ, ಒಬ್ಬ ಮರಾಠಿಯಲ್ಲಿ, ಕಣಿ ಹೇಳುವ ಹೆಂಗಸನ್ನೇ ಭೂಗೋಳದ ಉಪಾಧ್ಯಾಯಿನಿಯನ್ನಾಗಿ ಮಾಡಿದರು. ಭಾರತೀಯ ಭಾಷೆಗಳಿಗೆ ಹೊಸ ವಿಜ್ಞಾನ ಬಂದುದು ಶಾಲೆಯ ಗದ್ಯದಿಂದಲೇ ಎಂದು ನಂಬುವವರು ಈ ಎರಡು ಕೃತಿಗಳನ್ನು ಗಮನಿಸಬೇಕು.

ಆದರೆ ಸಾಹಸವೆಲ್ಲ ಸಿದ್ಧಿಯಲ್ಲ. ಹೆಸರುಗಳ ಪಟ್ಟಿ ಹಾಡುಗಬ್ಬಕ್ಕೆ ಭಾರ. ಕುಟ್ರಾಲದ ಕೊರವತಿ ಬೆಟ್ಟವನ್ನು ಬಣ್ಣಿಸುವಾಗ ಅದು ಅವಳು ಹುಟ್ಟಿ ಬೆಳೆದ ಬೆಟ್ಟ. ಕೋತಿ, ಹಣ್ಣು, ಜಲಪಾತಗಳು ಅವಳ ಮಾತಿನಲ್ಲಿ ತಾವಾಗಿ ಕುಣಿಯುತ್ತವೆ. ಬೆತ್ಲೆಹೇಮಿನ ಕೊರವತಿ ಹೇಳುವ ದೇಶಗಳಾದರೋ ಕವಿಯೂ ಕಾಣದವು, ಪುಸ್ತಕದಿಂದ ಬಂದವು. ಅಲ್ಲಿ ವಿದ್ಯೆಯ ಹೆಮ್ಮೆಯಿದೆ, ಕಣ್ಣಿನ ಸುಖ ಕಡಮೆ. ದೇವಮೋಹಿನಿಯ ವಿರಹದ ಹಾಡುಗಳಿಗೆ ಬಂದಾಗ ಕವಿ ಮತ್ತೆ ತನ್ನ ನೆಲ ಸೇರುತ್ತಾನೆ. ಈ ಕೃತಿಯಲ್ಲಿ ಪಂಡಿತನೂ ಹಾಡುಗಾರನೂ ಜಗಳವಾಡುತ್ತಾರೆ. ಗೆಲ್ಲುವವನು ಕೊನೆಗೆ ಹಾಡುಗಾರ.

ಮಿಕ್ಕ ಕೃತಿಗಳಲ್ಲಿ ನೋಹನ ನಾವೆಯ ಕತೆಯನ್ನು ಬಡಗಿಗಳ, ಹಡಗಿನವರ ಹಾಡಿನ ಮಟ್ಟುಗಳಲ್ಲಿ ಹೇಳುವ ‘ಜ್ಞಾನ ತಚ್ಚ ನಾಟಕಂ’ ಹೃದ್ಯವಾದುದು. 1814ರ ‘ಶಾಸ್ತ್ರಕ್ಕುಮ್ಮಿ’ ಬೇರೆ ಬಗೆಯದು. ಕುಮ್ಮಿ ಎಂದರೆ ಹೆಂಗಸರು ಸುತ್ತುನಿಂತು ಕೈತಟ್ಟಿ ಹಾಡುವ ಕುಣಿತ. ಶಕುನ, ಮುಹೂರ್ತ, ಊರದೇವತೆಗಳ ಹರಕೆಗಳನ್ನೆಲ್ಲ ಕವಿ ಆ ಕುಣಿತದ ಮಟ್ಟಿನಲ್ಲಿಯೇ ಗೇಲಿ ಮಾಡುತ್ತಾನೆ. ಮಾತು ಚುರುಕಾಗಿದೆ, ಲಯ ಹಿಡಿದಾಡಿಸುತ್ತದೆ. ಆದರೆ ಬಡವರ ಭಯವನ್ನು ನಗುವಲ್ಲಿ ಇರಬೇಕಾದ ಮರುಕ ಇಲ್ಲ. ಕನ್ನಡದ ಓದುಗರಿಗೆ ಸರ್ವಜ್ಞನ ನೆನಪಾದೀತು. ಆದರೆ ಸರ್ವಜ್ಞನ ಚಾಟಿ ಜಾತಿಯ ಮೇಲೂ ಬೀಸುತ್ತದೆ. ವೇದನಾಯಕನ ಚಾಟಿ ಅಲ್ಲಿಗೆ ಬಂದು ನಿಲ್ಲುತ್ತದೆ.

೪

ಶರಭೋಜಿಗೂ ಕವಿಗೂ ನಡುವಿನ ಸಂಬಂಧವನ್ನು ಕುರಿತು ಒಂದು ಐತಿಹ್ಯ ಆ ಸಮಾಜದಲ್ಲಿ ಪ್ರಸಿದ್ಧವಾಗಿದೆ. ಅರಸನು ತನ್ನ ದೇವರ ಮೇಲೆ ಹಾಡು ಕಟ್ಟಿಕೊಡೆಂದು ಕೇಳಿದನೆಂದೂ, ಕವಿ ಮನೆಗೆ ಬಂದು ಚಿಂತಿಸಿ, ಯೇಸುವನ್ನಲ್ಲದೆ ಅನ್ಯರನ್ನು ಹಾಡಲಾರೆನೆಂಬ ಅರ್ಥದ ಕೀರ್ತನೆಯನ್ನೇ ಉತ್ತರವಾಗಿ ಹಾಡಿದನೆಂದೂ ಹೇಳುತ್ತಾರೆ. ಅರಸನು ಮುನಿಯಲಿಲ್ಲವಂತೆ. ನಿಧಿಯ ಆಸೆಗೆ ಮನಸೋಲದ ತ್ಯಾಗರಾಜರ ಕತೆಗೂ ಇದಕ್ಕೂ ಹೋಲಿಕೆ ಸ್ಪಷ್ಟ. ಕತೆಯ ವಿವರ ಹೇಗೇ ಇರಲಿ, ಮಿಶನ್ನಿನ ಆಸರೆ ತಪ್ಪಿದ ಕಾಲದಲ್ಲಿ ಈ ಕ್ರೈಸ್ತ ಕವಿಯನ್ನು ಪೊರೆದವನು ಹಿಂದೂ ಅರಸನೆಂಬುದು ಮಾತ್ರ ಇತಿಹಾಸ.

ಮಿಶನ್ನಿನ ಆಸರೆ ತಪ್ಪಿದುದೇಕೆ? ಷ್ವಾರ್ಟ್ಸನ ಕಾಲದ ಪಾದ್ರಿಗಳು ಊರಿನ ನಡವಳಿಕೆಗಳಿಗೆ ಬಹುಮಟ್ಟಿಗೆ ಹೊಂದಿಕೊಂಡಿದ್ದರು. ಒಂದೇ ಮಾಡಿನ ಕೆಳಗೆ ವೆಳ್ಳಾಳರು ಒಂದು ಕಡೆ, ಅಸ್ಪೃಶ್ಯರೆನಿಸಿಕೊಂಡವರು ಇನ್ನೊಂದು ಕಡೆ ಕುಳಿತು ಆರಾಧಿಸುತ್ತಿದ್ದರು. ಸಾವಿರದ ಎಂಟುನೂರ ಇಪ್ಪತ್ತರ ದಶಕದಲ್ಲಿ ಬಂದ ಹೊಸ ತಲೆಮಾರಿನ ಪಾದ್ರಿಗಳು ಇದನ್ನು ಸಹಿಸಲಿಲ್ಲ. ಕವಿಯೂ ಅವನ ಕಡೆಯವರೂ ಅವರ ಮೇಲೆ ಹೊರಿಸಿದ ದೂರುಗಳು ಮುಖ್ಯವಾಗಿ ನಾಲ್ಕು: ಅಭ್ಯಾಸವಾಗಿದ್ದ ಹಳೆಯ ತಮಿಳು ಬೈಬಲನ್ನು ಬದಲಾಯಿಸಿದುದು; ಎಲ್ಲ ಜಾತಿಯವರನ್ನೂ ಕಲೆಸಿ ಕೂರಿಸಿದುದು; ಹಬ್ಬ, ಮದುವೆ, ಉತ್ತರಕ್ರಿಯೆಗಳಲ್ಲಿ ಹೂವನ್ನು ನಿಷೇಧಿಸಿದುದು; ತಮಿಳು ಕೀರ್ತನೆಗಳನ್ನು ಆರಾಧನೆಯಿಂದ ಹೊರಗಟ್ಟಿದುದು. 1829ರ ಸುಮಾರಿಗೆ ವೇದನಾಯಕನು ಈ ವಾದವನ್ನು ಗದ್ಯದಲ್ಲಿ ವಿಸ್ತಾರವಾಗಿ ಬರೆದನು. ಜಾತ್ಯಾಚಾರವನ್ನು ತಿದ್ದಹೊರಡುವುದು ಮೂರ್ಖತನವೆಂದು ವಾದಿಸಿದನು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ನನು ಚರ್ಚಿನೊಳಗೆ ಜಾತಿಭೇದ ಕೂಡದೆಂದು ಕಡ್ಡಾಯವಾಗಿ ಆಜ್ಞೆ ಹೊರಡಿಸಿದನು. ಜಗಳ ಅಷ್ಟಕ್ಕೆ ಮುಗಿಯಲಿಲ್ಲ. ಚರ್ಚನ್ನು ತೊರೆದವರೂ ಉಂಟು.

ನಾಲ್ಕು ದೂರುಗಳನ್ನೂ ಒಂದೇ ಗಂಟಿನಲ್ಲಿ ಕಟ್ಟಿದುದೇ ಕವಿಯ ತಪ್ಪು. ಒಂದೇ ಗಂಟೆಂದು ನಂಬಿ ಕತ್ತರಿಸಿದುದು ಪಾದ್ರಿಗಳ ತಪ್ಪು. ಹೂವು, ಹಾಡು, ನುಡಿ ಇವು ಒಂದು ಜನದ ಬಾಳಿನ ಉಸಿರು. ಇವನ್ನು ಕಸಿಯುವ ಅಧಿಕಾರ ಹೊರಗಿನವನಿಗಿಲ್ಲ. ಬೇರೆ ಬೇರೆ ಕೂರುವ ಪದ್ಧತಿಯಾದರೋ ಅದೇ ಜನದಲ್ಲಿ ಒಂದು ಪಾಲು ಇನ್ನೊಂದು ಪಾಲಿನ ಮೇಲೆ ಹೊರಿಸಿದ ಭಾರ. ಮೊದಲನೆಯದು ‘ನಮ್ಮದು’ ಎನ್ನುವಾಗ ಆ ‘ನಾವು’ ಎಲ್ಲರನ್ನೂ ಒಳಗೊಳ್ಳಬಹುದು. ಎರಡನೆಯದು ‘ನಮ್ಮದು’ ಎನ್ನುವಾಗ ಆ ‘ನಾವು’ ಅರ್ಧಸಭೆಯನ್ನು ಹೊರಗಿಡುತ್ತದೆ. ವೇದನಾಯಕನಂತಹ ಸೂಕ್ಷ್ಮಬುದ್ಧಿಗೆ ಈ ಭೇದ ಹೊಳೆಯದೆ ಹೋದುದು ಖೇದಕರ. ಕಾಲದ ದೋಷವೆಂದು ಮಾಫಿ ಮಾಡುವಂತೆಯೂ ಇಲ್ಲ. ಅದೇ ಕಾಲದಲ್ಲಿ ಅದೇ ಊರಿನ ಅದೇ ಚರ್ಚಿನ ಇನ್ನೊಂದು ಬದಿಯಲ್ಲಿ ಕುಳಿತವರಿಗೆ ಅದು ದೋಷವೆಂದು ಗೊತ್ತಿತ್ತು. ಅವರ ಮಾತು ಓಲೆಗರಿಗೆ ಏರಲಿಲ್ಲ, ಅಷ್ಟೆ.

ಆ ಮಾತು ಕಾಗದಕ್ಕೂ ಹಾಡಿಗೂ ಏರಲು ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು. ಮಧುರೆಯ ದೇವಶಾಸ್ತ್ರದ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ ಥಿಯೋಫಿಲಸ್ ಅಪ್ಪಾವೂ (1940–2005) ಕರ್ನಾಟಕ ಸಂಗೀತದ ಕೀರ್ತನೆಯೂ ಮೇಲ್ಜಾತಿಯ ಕ್ರೈಸ್ತರ ಸೊತ್ತೇ ಎಂದು ಆಕ್ಷೇಪಿಸಿ, ಹಳ್ಳಿಯ ಜನಪದ ಧಾಟಿಗಳಲ್ಲಿ, ಪರೈ ವಾದ್ಯದ ಜೊತೆಗೆ, ದಲಿತರ ಆರಾಧನೆಯ ಹಾಡುಗಳನ್ನು ಕಟ್ಟಿದರು. ಜರ್ಮನ್ ಧಾಟಿಯ ವಿರುದ್ಧ ವೇದನಾಯಕ ಹೇಳಿದುದನ್ನೇ ವೇದನಾಯಕನ ಧಾಟಿಯ ವಿರುದ್ಧ ಅಪ್ಪಾವೂ ಹೇಳಿದರು: ಈ ಬಾಯಿಗೆ ಈ ನಡೆ ಒಗ್ಗದು. ಆದರೆ ಕುಮ್ಮಿ, ಹಡಗಿನ ಹಾಡು, ಕೊರವಂಜಿಗಳನ್ನು ಚರ್ಚಿಗೆ ಮೊದಲು ಕರೆತಂದವನು ವೇದನಾಯಕನೇ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಅವನ ಕಲೆ ಅವನ ಗದ್ಯವಾದಕ್ಕಿಂತ ವಿಶಾಲವಾಗಿತ್ತು. ಕೊರವತಿಯನ್ನು ಜ್ಞಾನದ ಬಾಯನ್ನಾಗಿಸಿದ ಕೈ, ಕೊರವರಂತಹವರ ಪಕ್ಕದಲ್ಲಿ ಕೂರಲಾರೆನೆಂದು ಬರೆಯಿತು. ಈ ಒಂದು ಮಾತಿನಲ್ಲಿ ಅವನ ಹಿರಿಮೆಯೂ ಸೋಲೂ ಅಡಗಿವೆ.

೫

ಪಾದ್ರಿಗಳ ನಿಷೇಧ ಹೆಚ್ಚು ಕಾಲ ಬಾಳಲಿಲ್ಲ. ಅಮೆರಿಕನ್ ಮಧುರಾ ಮಿಶನ್ನಿನ ಎಡ್ವರ್ಡ್ ವೆಬ್ ಎಂಬಾತನು ವೃದ್ಧಕವಿಯ ಬಳಿ ಬಂದು ಕೀರ್ತನೆಗಳನ್ನು ಕಲಿತು, 1853ರಲ್ಲಿ ಆರಾಧನೆಯ ಬಳಕೆಗಾಗಿ ಅಚ್ಚುಹಾಕಿಸಿದನು. ಒಂದು ಮಿಶನ್ ಹೊರಗಟ್ಟಿದ ಹಾಡನ್ನು ಇನ್ನೊಂದು ಮಿಶನ್ ಪುಸ್ತಕಕ್ಕೇರಿಸಿತು. 1864ರ ಜನವರಿ 24ರಂದು, ತೊಂಬತ್ತರ ಸಮೀಪದಲ್ಲಿ, ಕವಿ ತೀರಿಕೊಂಡನು. ಅವನ ವಂಶದವರು ಅದೇ ಬಿರುದಿನೊಡನೆ ಹಾಡುತ್ತ ಬಂದರು. 1917ರಲ್ಲಿ ‘ಕರುಣಾಮೃತ ಸಾಗರಂ’ ಎಂಬ ಬೃಹದ್ಗ್ರಂಥವನ್ನು ಪ್ರಕಟಿಸಿದ ಅಬ್ರಹಾಂ ಪಂಡಿತರೂ ತಂಜಾವೂರಿನ ಕ್ರೈಸ್ತರೇ ಎಂಬುದನ್ನು ನೆನೆದರೆ, ಆ ನೆಲದಲ್ಲಿ ಬಿದ್ದ ಬೀಜ ವ್ಯರ್ಥವಾಗಲಿಲ್ಲವೆಂದು ತಿಳಿಯುತ್ತದೆ. ಕವಿಯ ಹಸ್ತಪ್ರತಿಗಳಲ್ಲಿ ಒಂದು ಭಾಗ ಬೆಂಗಳೂರಿನ ಯುನೈಟೆಡ್ ಥಿಯೋಲಾಜಿಕಲ್ ಕಾಲೇಜಿನ ಸಂಗ್ರಹದಲ್ಲಿದೆ. ಕನ್ನಡ ವಿದ್ವಾಂಸರು ಅದನ್ನು ತಮಿಳರ ಆಸ್ತಿಯೆಂದು ದೂರವಿರಿಸಬೇಕಾದುದಿಲ್ಲ.

ಕನ್ನಡದಲ್ಲಿ ಇದಕ್ಕೆ ಸಮನಾದುದೇನೆಂದು ಕೇಳಿದರೆ ಮೊದಲು ಹೊಳೆಯುವುದು ಕಿಟ್ಟೆಲ್ಲನ ‘ಕಥಾಮಾಲೆ’. 1862ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಈ ಕೃತಿ ಯೇಸುವಿನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಹೇಳುತ್ತದೆ. ಅದಕ್ಕೂ ಮೊದಲು, 1850ರಲ್ಲಿ, ಮೋಗ್ಲಿಂಗನು ದಾಸರ ಪದಗಳನ್ನು ಅಚ್ಚುಹಾಕಿಸಿದ್ದನು. ಪರದೇಶಿಯೊಬ್ಬನು ಷಟ್ಪದಿಯ ನಾಡಿನಲ್ಲಿ ಕಾವ್ಯ ಕಟ್ಟಿದುದು ಅಸಾಧಾರಣ ಸಾಧನೆ. ಆದರೆ ಕಿಟ್ಟೆಲ್ ಕನ್ನಡವನ್ನು ಕಲಿತು ಪ್ರೀತಿಸಿದವನು. ವೇದನಾಯಕ ತಮಿಳಿನಲ್ಲಿ ಅತ್ತು ನಕ್ಕು ಬೆಳೆದವನು. ಒಬ್ಬನದು ಪಾಂಡಿತ್ಯದ ಪ್ರೀತಿ, ಇನ್ನೊಬ್ಬನದು ರಕ್ತದ ರೂಢಿ. ಅದರಿಂದಲೇ ‘ಕಥಾಮಾಲೆ’ ಗ್ರಂಥಾಲಯದಲ್ಲಿ ಗೌರವ ಪಡೆದಿದೆ, ತಂಜಾವೂರಿನ ಕೀರ್ತನೆ ಅಡಿಗೆಮನೆಯಲ್ಲಿ ಬಾಳಿದೆ.

ಪರನಾಡಿನ ನಗರದಲ್ಲಿ ತಾಯ್ನುಡಿಯ ದೀಪ ಹಚ್ಚಿಟ್ಟುಕೊಂಡ ಸಮಾಜಗಳಿಗೆ ಈ ಕವಿಯ ಬಾಳಿನಲ್ಲಿ ವಿಶೇಷವಾದ ಪಾಠವಿದೆ. ಪರಭಾಷೆಯ ಅಧಿಕಾರದ ಎದುರು ತನ್ನ ಹಾಡನ್ನು ಉಳಿಸಿಕೊಳ್ಳುವ ಹಠ ಪೂಜ್ಯವಾದುದು. ವೇದನಾಯಕ ಹಿಡಿಯದಿದ್ದರೆ ತಮಿಳು ಚರ್ಚು ಇನ್ನೆಷ್ಟು ಕಾಲ ಎರವಲು ಧಾಟಿಯಲ್ಲಿ ಹಾಡುತ್ತಿತ್ತೋ ಹೇಳಬಾರದು. ಆದರೆ ಉಳಿಸಿಕೊಳ್ಳುವ ಭರದಲ್ಲಿ ಹಾಡಿನ ಜೊತೆಗೆ ಪಂಕ್ತಿಭೇದವನ್ನೂ ಪರಂಪರೆಯೆಂದು ಪೆಟ್ಟಿಗೆಯಲ್ಲಿಟ್ಟು ತರುವುದು ವಲಸೆ ಬಂದವರಿಗೆ ಸುಲಭವಾದ ದೌರ್ಬಲ್ಯ. ಯಾವುದು ಎಲ್ಲರದು, ಯಾವುದು ಕೆಲವರದು ಎಂದು ಬಿಡಿಸಿ ನೋಡುವ ಕೆಲಸವನ್ನು ವೇದನಾಯಕ ಮಾಡಲಿಲ್ಲ. ಅವನ ಹಾಡು ಅವನಿಗಿಂತ ಮುಂದೆ ನಡೆಯಿತು: ಅವನು ಯಾರ ಪಕ್ಕದಲ್ಲಿ ಕೂರಲು ಒಪ್ಪಲಿಲ್ಲವೋ ಅವರ ಮೊಮ್ಮಕ್ಕಳೂ ಇಂದು ಅವನ ಪಲ್ಲವಿಯನ್ನು ಎತ್ತಿಕೊಂಡು ಹಾಡುತ್ತಾರೆ.